ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ: 23 ವರ್ಷ ತಡವಾಗಿ ತಲುಪಿದ ಸುದ್ದಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ವಾಯುಪಡೆಯಲ್ಲಿ ಇದ್ದು ಬಂದವನಾದ್ದರಿಂದ ಸೇವೆಯ ಅನುಭವಗಳನ್ನೇ ಬರೆಯಬಹುದೆಂಬುದು ಅವರ ಸಲಹೆ. ನಾನು ಈ ಶಾಲೆಯ ಮೊದಲ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ವಾಯುಪಡೆಗೆ ಏರ್‌ಮನ್ ಆಗಿ ಸೇರಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ನೆಲದ ಮೇಲೆ ನಿಂತು ವಿಮಾನಗಳನ್ನು ಹಾರಲು ಸಿದ್ಧಪಡಿಸುವ ಕೆಲಸ ಮಾಡಿದವನು. ನನ್ನ ಅನುಭವದಲ್ಲಿ ಮಕ್ಕಳಿಗೆ ಹೇಳುವಂಥ ದೊಡ್ಡ ಸಂಗತಿಗಳು ಕಡಿಮೆ. ಆದರೆ ನನ್ನ ಸೇವಾವಧಿಯಲ್ಲೇ ನಮ್ಮ ನೆರೆಯ ಕೊಡಗಿನ ಒಬ್ಬ ವಿಮಾನ ಚಾಲಕರ ಹೆಸರು ಎರಡು ದಶಕಗಳ ಕತ್ತಲೆಯಿಂದ ಹೊರಗೆ ಬಂತು. ಅವರ ಜೀವನವನ್ನು ಈ ಸಂಚಿಕೆಯಲ್ಲಿ ದಾಖಲಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರಿತು.

2025ರ ಜನವರಿಯಲ್ಲಿ ತೆರೆಕಂಡ ಸ್ಕೈ ಫೋರ್ಸ್ ಎಂಬ ಹಿಂದಿ ಚಲನಚಿತ್ರವನ್ನು ನಮ್ಮ ಮಕ್ಕಳಲ್ಲಿ ಹಲವರು ನೋಡಿರಬಹುದು. ಅದರಲ್ಲಿ ಬರುವ ಯುವ ಚಾಲಕನ ಪಾತ್ರಕ್ಕೆ ಪ್ರೇರಣೆ ಈ ದೇವಯ್ಯನವರೇ. ಸಿನಿಮಾದಲ್ಲಿ ಹೆಸರನ್ನು ಬದಲಿಸಿದ್ದಾರೆ, ಕಥೆಗೆ ಬೇಕಾದಂತೆ ಕಲ್ಪನೆಯನ್ನೂ ಸೇರಿಸಿದ್ದಾರೆ. ನಿಜವಾಗಿ ನಡೆದ ಸಂಗತಿಗೆ ಕಲ್ಪನೆಯ ಅಗತ್ಯವೇ ಇಲ್ಲವೆಂಬುದು ನನ್ನ ಅನಿಸಿಕೆ. ನಡೆದದ್ದನ್ನು ನಡೆದಂತೆ ಹೇಳಲು ಪ್ರಯತ್ನಿಸುತ್ತೇನೆ.

ಕೊಡಗಿನ ಮಗ, ತರಬೇತಿಯ ಗುರು

ಅಜ್ಜಮಾಡ ಬೋಪಯ್ಯ ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಎಂಬುದು ಅವರ ಒಕ್ಕದ, ಅಂದರೆ ಮನೆತನದ ಹೆಸರು. ಕೊಡವರಲ್ಲಿ ಮೊದಲು ಒಕ್ಕದ ಹೆಸರು ಬಂದು ಬಳಿಕ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಬರುತ್ತದೆ. ತಂದೆ ಬೋಪಯ್ಯನವರು ವೈದ್ಯರು. ಆಗ ಕೊಡಗು ಪ್ರತ್ಯೇಕ ಪ್ರಾಂತ್ಯ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಎರಡೂ ಜಿಲ್ಲೆಗಳು ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ.

ಸೈನ್ಯಕ್ಕೆ ಸೇರುವುದು ಕೊಡಗಿನ ಮನೆಗಳಲ್ಲಿ ಹೊಸ ಮಾತಲ್ಲ. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಕಾರಿಯಪ್ಪನವರು 1949ರಲ್ಲಿ ಅಧಿಕಾರ ವಹಿಸಿಕೊಂಡಾಗ ದೇವಯ್ಯನವರಿಗೆ ಹದಿನಾರು ವರ್ಷ. ಜನರಲ್ ತಿಮ್ಮಯ್ಯನವರ ಹೆಸರೂ ಆಗಲೇ ಕೇಳಿಬರುತ್ತಿತ್ತು. ಆದರೆ ದೇವಯ್ಯನವರು ಆರಿಸಿಕೊಂಡದ್ದು ಆಕಾಶವನ್ನು. 1954ರಲ್ಲಿ ಅವರು ಭಾರತೀಯ ವಾಯುಪಡೆಯಲ್ಲಿ ಚಾಲಕ ಅಧಿಕಾರಿಯಾಗಿ ನೇಮಕಗೊಂಡರು. ಗೆಳೆಯರ ನಡುವೆ ಅವರಿಗೆ ಟಬ್ಬಿ ಎಂಬ ಅಡ್ಡಹೆಸರಿತ್ತು. ಗುಂಡಗಿನವನು ಎಂದು ಪ್ರೀತಿಯಿಂದ ಕರೆಯುವ ಮಾತು ಅದು. ಇಂಥ ಅಡ್ಡಹೆಸರು ಇಟ್ಟುಕೊಳ್ಳುವುದು ವಾಯುಪಡೆಯ ಹಳೆಯ ರೂಢಿ. ಎಲ್ಲರ ಬಾಯಲ್ಲೂ ಇಂಥದ್ದೊಂದು ಹೆಸರು ಓಡಾಡುತ್ತಿದ್ದರೆ ಆ ವ್ಯಕ್ತಿ ತಂಡಕ್ಕೆ ಬೇಕಾದವನು ಎಂದೇ ಅರ್ಥ.

ಅವರು ಸೇರಿದ ಆ ಹತ್ತು ವರ್ಷಗಳು ವಾಯುಪಡೆಯ ಬೆಳವಣಿಗೆಯಲ್ಲಿ ಬಹಳ ಮುಖ್ಯವಾದವು. ಮುಂದೆ ಪಂಕ ತಿರುಗುವ ಹಳೆಯ ವಿಮಾನಗಳು ಹಿಂದೆ ಸರಿದು ಜೆಟ್ ವಿಮಾನಗಳು ಬಂದವು. ಫ್ರಾನ್ಸಿನ ಡಸೋ ಕಂಪೆನಿಯ ಮಿಸ್ಟೇರ್ ಯುದ್ಧವಿಮಾನ 1957ರ ಸುಮಾರಿಗೆ ನಮ್ಮಲ್ಲಿಗೆ ಬಂತು. ಬ್ರಿಟನ್ನಿನ ಹಂಟರ್ ಬಂತು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ನ್ಯಾಟ್ ಎಂಬ ಪುಟ್ಟ ವಿಮಾನದ ತಯಾರಿ ಆರಂಭವಾಯಿತು. ವಿಮಾನಗಳ ಸಂಖ್ಯೆ ಹೆಚ್ಚಿದಂತೆ ಅವುಗಳನ್ನು ಹಾರಿಸಬಲ್ಲ ತರುಣರೂ ಬೇಕಾದರು. 1962ರ ಚೀನಾ ಯುದ್ಧದ ನಂತರ ಈ ಅಗತ್ಯ ಇನ್ನೂ ಹೆಚ್ಚಾಯಿತು. ಆಗ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದವರು ಕಲಿಸುವವರು.

ದೇವಯ್ಯನವರು ಅಂಥ ಗುರುಗಳಲ್ಲಿ ಒಬ್ಬರಾದರು. ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಅವರು ಬೋಧಕರು. ಹಾರಾಟ ಕಲಿಸುವುದು ಕಪ್ಪುಹಲಗೆಯ ಮುಂದೆ ನಿಂತು ಮುಗಿಸುವ ಪಾಠವಲ್ಲ. ಶಿಷ್ಯನೊಡನೆ ಒಂದೇ ವಿಮಾನದಲ್ಲಿ ಕುಳಿತು, ಅವನ ಕೈಗೆ ಚುಕ್ಕಾಣಿ ಕೊಟ್ಟು, ಅವನು ತಪ್ಪುವುದನ್ನು ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿ, ಅಪಾಯದ ಗೆರೆ ದಾಟುವ ಮೊದಲು ಸರಿಪಡಿಸಬೇಕು. ತೀರ ಬೇಗ ಕೈಹಾಕಿದರೆ ಶಿಷ್ಯ ಕಲಿಯುವುದಿಲ್ಲ. ತಡವಾದರೆ ಇಬ್ಬರೂ ಉಳಿಯುವುದಿಲ್ಲ. ಇಂಥ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರಿಗೆ ವಿಮಾನದ ಒಂದೊಂದು ಗುಣವೂ, ಅದು ಎಲ್ಲಿಯವರೆಗೆ ಬಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೂ ಅಂಗೈಯ ಗೆರೆಯಂತೆ ಗೊತ್ತಿರುತ್ತದೆ. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಮಾತು ಬೇಕಾದೀತು.

1965ರ ಸಪ್ಟೆಂಬರ್

1965ರ ಸಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ವಲಯದೊಳಕ್ಕೆ ನುಗ್ಗಿದವು. ಅಂದು ಸಂಜೆಯೇ ನಮ್ಮ ವಾಯುಪಡೆ ಯುದ್ಧಕ್ಕೆ ಇಳಿಯಿತು. ಸಪ್ಟೆಂಬರ್ 6ರಂದು ನಮ್ಮ ಭೂಸೇನೆ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟಿನ ಮೇಲೆ ದಾಳಿ ಮಾಡಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟುಹಾಕಿದವು. ಇದಕ್ಕೆ ಮರುದಿನವೇ ಉತ್ತರ ಕೊಡಬೇಕೆಂದು ನಿರ್ಧಾರವಾಯಿತು. ಗುರಿ ಸರ್ಗೋಧಾ, ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆ.

ಯುದ್ಧ ಶುರುವಾದಾಗ ಬೋಧಕರಾಗಿದ್ದ ದೇವಯ್ಯನವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಗಿತ್ತು. ಹುಲಿಯ ಲಾಂಛನ ಹೊತ್ತ ಈ ಸ್ಕ್ವಾಡ್ರನ್ ನಮ್ಮ ವಾಯುಪಡೆಯ ಮೊತ್ತಮೊದಲನೆಯದು. ಅದು ಸ್ಥಾಪನೆಯಾದದ್ದು 1933ರ ಏಪ್ರಿಲ್ 1ರಂದು, ಕರಾಚಿಯಲ್ಲಿ. ಅಲ್ಲಿ ಹುಟ್ಟಿದ ದಳವೇ ಮೂವತ್ತೆರಡು ವರ್ಷಗಳ ಬಳಿಕ ಆ ನೆಲದ ಮೇಲೆ ದಾಳಿಗೆ ಹೊರಡಬೇಕಾಗಿ ಬಂದದ್ದು ದೇಶ ವಿಭಜನೆಯ ವಿಪರ್ಯಾಸ. ದಳದ ಮುಖ್ಯಸ್ಥರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ವಿಮಾನ ಮಿಸ್ಟೇರ್.

ಆದಂಪುರದಿಂದ ಸರ್ಗೋಧಾಕ್ಕೆ ಆಕಾಶದಲ್ಲಿ ಸುಮಾರು 300 ಕಿಲೋಮೀಟರ್. ನಮ್ಮ ಮಂಗಳೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಎಷ್ಟೋ ಅಷ್ಟೇ ದೂರ. ಇಂದು ಬಜ್ಪೆಯಲ್ಲಿ ವಿಮಾನ ಹತ್ತಿದವರಿಗೆ ಇದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಪ್ರಯಾಣ. ಆದರೆ ಬಾಂಬು, ರಾಕೆಟ್ಟುಗಳ ಭಾರ ಹೊತ್ತ ಮಿಸ್ಟೇರ್ ವಿಮಾನಕ್ಕೆ ಹೋಗಿ ಬರುವ ಆ ದೂರ ತನ್ನ ಶಕ್ತಿಯ ಕಟ್ಟಕಡೆಯ ಅಂಚು. ಶತ್ರುವಿನ ರಾಡಾರಿಗೆ ಕಾಣಬಾರದೆಂದು ನೆಲಕ್ಕೆ ತಾಗುವಂತೆ ಹಾರಬೇಕು. ಕೆಳಗೆ ಹಾರಿದಷ್ಟೂ ಜೆಟ್ ಇಂಜಿನ್ನು ಇಂಧನವನ್ನು ಹೆಚ್ಚು ಕುಡಿಯುತ್ತದೆ. ಹೋಗಿ, ಒಂದು ಬಾರಿ ದಾಳಿ ಮಾಡಿ, ನೇರವಾಗಿ ಹಿಂತಿರುಗಲು ಸಾಕಾಗುವಷ್ಟೇ ಎಣ್ಣೆ. ದಾರಿಯಲ್ಲಿ ಯಾರೊಡನೆಯಾದರೂ ಕಾದಾಡುತ್ತ ನಿಂತರೆ ಮನೆಗೆ ಬರುವ ಲೆಕ್ಕ ತಪ್ಪುತ್ತದೆ. ಹೊರಟ ಪ್ರತಿಯೊಬ್ಬನಿಗೂ ಈ ಲೆಕ್ಕ ಗೊತ್ತಿತ್ತು. ವರ್ಷಗಟ್ಟಲೆ ಪಾಠ ಹೇಳಿದ ದೇವಯ್ಯನವರಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಮೀಸಲು ವಿಮಾನ

ಸಪ್ಟೆಂಬರ್ 7ರ ಬೆಳಕು ಹರಿಯುವ ಮೊದಲೇ ಹನ್ನೆರಡು ಮಿಸ್ಟೇರ್‌ಗಳು ಹೊರಡುವುದೆಂದು ಯೋಜನೆ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲು ಚಾಲಕರು.

ನೆಲದ ಕೆಲಸ ಮಾಡಿದವನಾಗಿ ಈ ಮೀಸಲಿನ ಬಗ್ಗೆ ಎರಡು ಮಾತು ಹೇಳಬೇಕು. ಯಾವುದೇ ದೊಡ್ಡ ದಾಳಿಗೆ ಬೇಕಾದಷ್ಟೇ ವಿಮಾನಗಳನ್ನು ಸಿದ್ಧಮಾಡಿದರೆ ಸಾಲದು. ಕೊನೆಯ ಕ್ಷಣದಲ್ಲಿ ಒಂದರ ಇಂಜಿನ್ನು ಹತ್ತದೆ ಹೋಗಬಹುದು, ಇನ್ನೊಂದರ ಎಣ್ಣೆ ಸೋರಬಹುದು. ಆದ್ದರಿಂದ ಒಂದೆರಡು ವಿಮಾನಗಳನ್ನು ಹೆಚ್ಚಿಗೆ, ಅಷ್ಟೇ ಎಣ್ಣೆ, ಅಷ್ಟೇ ಶಸ್ತ್ರ ತುಂಬಿಸಿ ನಿಲ್ಲಿಸುತ್ತಾರೆ. ಅದರ ಚಾಲಕ ರಾತ್ರಿಯಿಡೀ ಉಳಿದವರಂತೆಯೇ ನಕ್ಷೆ ಓದಿ, ಪಟ್ಟಿ ಬಿಗಿದು ಕುಳಿತಿರುತ್ತಾನೆ. ಎಲ್ಲ ಸರಿಹೋದರೆ ಇಂಜಿನ್ನು ಆರಿಸಿ, ಇಳಿದು, ಚಹಾ ಕುಡಿಯಲು ಹೋಗುತ್ತಾನೆ. ಅವನ ಸಿದ್ಧತೆ ಯಾವ ಪುಸ್ತಕದಲ್ಲೂ ದೊಡ್ಡದಾಗಿ ಬರುವುದಿಲ್ಲ. ನಮ್ಮ ಶಾಲೆಯ ಕಬಡ್ಡಿ, ವಾಲಿಬಾಲ್ ತಂಡಗಳಲ್ಲಿ ಬೆಂಚಿನ ಮೇಲೆ ಕುಳಿತು ಕಾಯ್ದ ಹುಡುಗರಿಗೆ ಈ ಸ್ಥಾನ ಎಂಥದ್ದೆಂದು ಗೊತ್ತು.

ಅಂದು ಹನ್ನೆರಡರಲ್ಲಿ ಒಂದು ವಿಮಾನ ಹಿಂದೆ ಉಳಿಯಿತು. ಆ ಸ್ಥಾನಕ್ಕೆ ದೇವಯ್ಯನವರು ಹೊರಟರು. ಕತ್ತಲೆ ಇನ್ನೂ ಕಳೆದಿರಲಿಲ್ಲ. ರೇಡಿಯೋದಲ್ಲಿ ಯಾರೂ ಮಾತಾಡಬಾರದೆಂಬ ಕಟ್ಟಪ್ಪಣೆ. ಮುಂದೆ ಹೋದ ಗುಂಪುಗಳನ್ನು ಕಣ್ಣಂದಾಜಿನಲ್ಲೇ ಹಿಂಬಾಲಿಸಬೇಕು. ಹೀಗೆ ಅವರು ತಂಡದ ಬಾಲದಲ್ಲಿ, ಹೆಚ್ಚುಕಡಿಮೆ ಒಂಟಿಯಾಗಿ, ಗಡಿ ದಾಟಿದರು. ಅವರನ್ನು ನೋಡಿ ಹೇಳುವ ಸಾಕ್ಷಿಗಳು ಇಲ್ಲದೆ ಹೋಗಲು ಇದೇ ಕಾರಣವಾಯಿತು.

ಸರ್ಗೋಧಾದ ಆಕಾಶ

ಭಾರತದ ವಿಮಾನಗಳನ್ನು ತಡೆಯಲು ಪಾಕಿಸ್ತಾನದ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಮೇಲೆ ಬಂದರು. ಅವರ ವಿಮಾನ ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಆ ಕಾಲದಲ್ಲಿ ಜಗತ್ತಿನ ಅತಿ ವೇಗದ ಯುದ್ಧವಿಮಾನಗಳಲ್ಲಿ ಒಂದು. ಬಿಸಿ ಹೊಗೆಯನ್ನು ಹಿಂಬಾಲಿಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಅದರಲ್ಲಿತ್ತು. ನಿಮಿಷಕ್ಕೆ ಸಾವಿರಗಟ್ಟಲೆ ಗುಂಡು ಉಗುಳುವ ತೋಪು ಇತ್ತು. ಮಿಸ್ಟೇರ್ ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಅದರಲ್ಲಿ ಇದ್ದದ್ದು ಎರಡು 30 ಮಿಲಿಮೀಟರ್ ತೋಪುಗಳು. ವೇಗದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ.

ಸ್ಟಾರ್‌ಫೈಟರ್ ಮಿಸ್ಟೇರನ್ನು ಹಿಂದಿನಿಂದ ಹಿಡಿಯಿತು. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹಾರಿಸಿದ ತೋಪಿನ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಪೆಟ್ಟು ತಿಂದ ಮಿಸ್ಟೇರ್ ಮುಗಿಯಿತೆಂದು ಎದುರಾಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ವಿಮಾನ ಇನ್ನೂ ಹಾರುತ್ತಿತ್ತು, ಅದರೊಳಗಿನ ಚಾಲಕರು ಇನ್ನೂ ಅದನ್ನು ನಡೆಸುತ್ತಿದ್ದರು.

ಇಲ್ಲಿ ವಿಮಾನದ ಗುಣದ ಒಂದು ವಿಷಯ ತಿಳಿದಿರಬೇಕು. ಸ್ಟಾರ್‌ಫೈಟರಿನ ರೆಕ್ಕೆಗಳು ಬಹಳ ಗಿಡ್ಡ. ನೇರ ಓಟಕ್ಕೆ ಅದು ಬಾಣ, ತಿರುವಿಗೆ ಮಾತ್ರ ಅಗಲ ಜಾಗ ಬೇಕು. ಮಿಸ್ಟೇರ್ ನಿಧಾನವಾದರೂ ಕಿರಿದಾದ ತಿರುವಿನಲ್ಲಿ ಸಲೀಸು. ಹೆದ್ದಾರಿಯಲ್ಲಿ ಹಾರಿಕೊಂಡು ಬಂದ ದೊಡ್ಡ ಕಾರು ನಮ್ಮ ಕಾಪಿಕಾಡಿನ ಓಣಿಗೆ ಬಂದರೆ ಏನಾಗುತ್ತದೆ, ಅಲ್ಲಿ ನಮ್ಮ ರಿಕ್ಷಾದವರು ಹೇಗೆ ಸುತ್ತಿ ಮುಂದೆ ಹೋಗುತ್ತಾರೆ ಎಂಬುದನ್ನು ನೆನೆಸಿಕೊಂಡರೆ ಸಾಕು. ನೆಲಕ್ಕೆ ಹತ್ತಿರದ ಆ ಕಾದಾಟದಲ್ಲಿ ದೇವಯ್ಯನವರು ಗಾಯಗೊಂಡ ತಮ್ಮ ವಿಮಾನವನ್ನು ತಿರುಗಿಸಿ ಎದುರಾಳಿಯ ಮೇಲೆಯೇ ಗುಂಡು ಹಾರಿಸಿದರು. ಗುಂಡು ತಗುಲಿತು. ಸ್ಟಾರ್‌ಫೈಟರ್ ಹಿಡಿತ ತಪ್ಪಿತು. ಅಮ್ಜದ್ ಹುಸೇನರು ಆಸನ ಸಮೇತ ಹೊರಕ್ಕೆ ಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯನವರ ವಿಮಾನವೂ ಅಲ್ಲೇ ನೆಲಕ್ಕೆ ಬಿತ್ತು. ಅವರು ಬದುಕಿ ಉಳಿಯಲಿಲ್ಲ. ಆಗ ಅವರಿಗೆ 32 ವರ್ಷ.

ಎಣ್ಣೆಯ ಲೆಕ್ಕ, ಪೆಟ್ಟಿನ ಲೆಕ್ಕ, ವೇಗದ ಲೆಕ್ಕ ಯಾವುದನ್ನು ನೋಡಿದರೂ ತಿರುಗಿ ನಿಂತರೆ ಮನೆಗೆ ಮರಳುವ ಹಾದಿ ಮುಚ್ಚುತ್ತದೆಂದು ಅವರಿಗೆ ತಿಳಿದಿರಲೇಬೇಕು. ಅವರು ತಿರುಗಿ ನಿಂತರು.

ಕಾಣೆಯಾದವರು

ಆದಂಪುರಕ್ಕೆ ಉಳಿದ ವಿಮಾನಗಳು ಎಣ್ಣೆ ಬತ್ತುವ ಸ್ಥಿತಿಯಲ್ಲಿ ಬಂದಿಳಿದವು. ಆ ಬೆಳಗ್ಗಿನ ದಾಳಿಗೆ ಹೋದ ತನೇಜಾರ ತಂಡದಲ್ಲಿ ಮರಳದೆ ಉಳಿದ ವಿಮಾನ ಒಂದೇ. ದೇವಯ್ಯನವರಿಗೆ ಏನಾಯಿತೆಂದು ಯಾರೂ ಕಂಡಿರಲಿಲ್ಲ. ರೇಡಿಯೋದಲ್ಲಿ ಕೂಗು ಇಲ್ಲ, ಹೊಗೆ ಕಂಡವರಿಲ್ಲ. ದಾಖಲೆಯಲ್ಲಿ ಬರೆಯಬಹುದಾಗಿದ್ದ ಮಾತು ಒಂದೇ: ಕಾಣೆಯಾಗಿದ್ದಾರೆ.

ಸೈನ್ಯದ ಕುಟುಂಬಗಳಿಗೆ ಈ ಮಾತಿನ ತೂಕ ಗೊತ್ತು. ಸಾವಿನ ಸುದ್ದಿಗೆ ಅಳಬಹುದು, ಬೊಜ್ಜ ಮಾಡಬಹುದು, ನಿಧಾನವಾಗಿ ಬದುಕಿಗೆ ಮರಳಬಹುದು. ಕಾಣೆಯಾದವರ ಮನೆಯಲ್ಲಿ ಬಾಗಿಲು ಪೂರ್ತಿ ಮುಚ್ಚುವಂತಿಲ್ಲ, ಪೂರ್ತಿ ತೆರೆಯುವಂತೆಯೂ ಇಲ್ಲ. ಪತ್ನಿ ಸುಂದರಿಯವರು ಇಬ್ಬರು ಚಿಕ್ಕ ಹೆಣ್ಣುಮಕ್ಕಳೊಡನೆ ಈ ಸ್ಥಿತಿಯನ್ನು ಎದುರಿಸಿದರು.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಂದು ಮನೆಗೂ ಇಂಥ ಗಳಿಗೆ ಬಂತು. ಕಾರಿಯಪ್ಪನವರ ಮಗ ಕೆ.ಸಿ. ಕಾರಿಯಪ್ಪನವರೂ ವಾಯುಪಡೆಯ ಚಾಲಕರು. ಸಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನ ಮೊದಲು, ಅವರ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಬಿದ್ದು ಅವರು ಸೆರೆಯಾದರು. ಅವರು ಬದುಕಿದ್ದಾರೆಂಬ ಸುದ್ದಿ ಬೇಗನೆ ತಲುಪಿತು. ತಮ್ಮ ಮಗನಿಗೆಂದು ವಿಶೇಷ ಸೌಲಭ್ಯ ಬೇಡವೆಂದು ಹಿರಿಯ ಕಾರಿಯಪ್ಪನವರು ನಿಂತದ್ದು ಇಂದಿಗೂ ಕೊಡಗಿನಲ್ಲಿ ಮನೆಮಾತು. ಮಗ 1966ರ ಜನವರಿಯಲ್ಲಿ ಮನೆಗೆ ಬಂದರು. ಒಂದೇ ಜಿಲ್ಲೆ, ಒಂದೇ ಯುದ್ಧ, ಒಂದೇ ಉಡುಪು. ಒಂದು ಮನೆಗೆ ಮಗ ಬಂದ. ಇನ್ನೊಂದು ಮನೆಗೆ ಸುದ್ದಿಯೂ ಬರಲಿಲ್ಲ.

ಯುದ್ಧ ಮುಗಿಯಿತು. ಶೌರ್ಯ ಪದಕಗಳ ಪಟ್ಟಿ ಪ್ರಕಟವಾಯಿತು. ಅದರಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಯಾರೂ ನೋಡದ ಸಾಹಸಕ್ಕೆ ಶಿಫಾರಸು ಬರೆಯುವವರು ಯಾರು? 1971ರಲ್ಲಿ ಇನ್ನೊಂದು ಯುದ್ಧ ಬಂತು, ಹೊಸ ವೀರರು, ಹೊಸ ಹೆಸರುಗಳು. ಮಿಸ್ಟೇರ್ ವಿಮಾನಗಳೂ ಸೇವೆಯಿಂದ ಹೊರಟುಹೋದವು.

ಎದುರಾಳಿಯ ಪುಸ್ತಕದಿಂದ ಬಂದ ಸತ್ಯ

1979ರಲ್ಲಿ ಬ್ರಿಟನ್ನಿನ ಪತ್ರಕರ್ತ ಜಾನ್ ಫ್ರಿಕರ್ ಎಂಬವರು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಹೊರತಂದರು. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ, ಅವರ ದಾಖಲೆಗಳನ್ನು ನೋಡಿ, ಅವರ ಕಡೆಯಿಂದಲೇ ಬರೆದ ಪುಸ್ತಕ ಅದು. ಸಪ್ಟೆಂಬರ್ 7ರ ಬೆಳಿಗ್ಗೆ ಸರ್ಗೋಧಾದ ಬಳಿ ಒಂದು ಮಿಸ್ಟೇರ್ ತನಗಿಂತ ಎಷ್ಟೋ ಮೇಲಾದ ಸ್ಟಾರ್‌ಫೈಟರಿನೊಡನೆ ಹೋರಾಡಿ ಅದನ್ನು ಬೀಳಿಸಿತೆಂಬ ವಿವರ ಅದರಲ್ಲಿತ್ತು. ಆ ಮಿಸ್ಟೇರನ್ನು ಹಾರಿಸಿದವರು ಯಾರೆಂಬುದು ಮಾತ್ರ ಇರಲಿಲ್ಲ.

ಈ ವಿವರ ನಮ್ಮ ವಾಯುಪಡೆಯ ಗಮನಕ್ಕೆ ಬಂದು ಹಳೆಯ ಕಡತಗಳು ಮತ್ತೆ ತೆರೆದವು. ಸ್ಕ್ವಾಡ್ರನ್ನಿನ ಅಂದಿನ ಮುಖ್ಯಸ್ಥ ತನೇಜಾರ ಬಳಿಗೆ ಪ್ರಶ್ನೆ ಹೋಯಿತು. ಉತ್ತರ ಹುಡುಕುವ ದಾರಿ ನಮ್ಮ ಹೈಸ್ಕೂಲಿನ ಗಣಿತದ ಲೆಕ್ಕದಂತೆ ಸರಳ. ಆ ಹೊತ್ತಿಗೆ ಅಲ್ಲಿದ್ದದ್ದು ಈ ದಳದ ಮಿಸ್ಟೇರ್‌ಗಳು. ಹೋದವರು ಯಾರು, ಬಂದವರು ಯಾರು ಎಂಬುದು ದಾಖಲೆಯಲ್ಲಿದೆ. ಹಿಂತಿರುಗಿದ ಯಾರೂ ಅಂಥ ಕಾದಾಟ ಮಾಡಿಲ್ಲ. ಉಳಿದವರು ಒಬ್ಬರೇ. ಆ ಚಾಲಕರು ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲವೆಂದು ತನೇಜಾ ತೀರ್ಮಾನಿಸಿದರು. ತಮ್ಮ ತಂಡದ ಮೀಸಲು ಚಾಲಕರಿಗೆ ಸಲ್ಲಬೇಕಾದ ಗೌರವಕ್ಕಾಗಿ ಶಿಫಾರಸು ಮಾಡಿದರು.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು ಇದು. ಪದಕವನ್ನು ಸುಂದರಿಯವರು ಸ್ವೀಕರಿಸಿದರು. ಘಟನೆ ನಡೆದು ಆಗ 23 ವರ್ಷ.

ನಾನು ಆಗ ಸೇವೆಯಲ್ಲಿದ್ದೆ. ಉತ್ತರ ಭಾರತದ ಒಂದು ನೆಲೆಯಲ್ಲಿ, ಹ್ಯಾಂಗರಿನ ಕೆಲಸದ ನಡುವೆ, ಹಿರಿಯ ವಾರಂಟ್ ಅಧಿಕಾರಿಯೊಬ್ಬರು ಈ ಸುದ್ದಿಯನ್ನು ನಮಗೆ ತಿಳಿಸಿದರು. ಕರ್ನಾಟಕದವರು ನಾವು ನಾಲ್ಕೈದು ಮಂದಿ ಇದ್ದೆವು, ನಮ್ಮ ಹೆಮ್ಮೆಗೆ ಮಿತಿಯಿರಲಿಲ್ಲ. ಆದರೆ ಆ ಹಿರಿಯರು ನಮಗೆ ವಿವರಿಸಿದ್ದು ಬೇರೆ ವಿಷಯ. ಅಂದು ಯಾರು ಯಾವ ವಿಮಾನದಲ್ಲಿ ಎಷ್ಟು ಹೊತ್ತಿಗೆ ಹೊರಟರು, ಯಾರು ಇಳಿದರು ಎಂಬುದನ್ನು ಆದಂಪುರದಲ್ಲಿ ಯಾರೋ ಒಬ್ಬ ಗುಮಾಸ್ತ, ಯಾರೋ ಒಬ್ಬ ಮೆಕ್ಯಾನಿಕ್ ಪುಸ್ತಕದಲ್ಲಿ ಬರೆದಿಟ್ಟಿರದಿದ್ದರೆ ಈ ಲೆಕ್ಕ ಬಿಡಿಸಲು ಆಗುತ್ತಿರಲಿಲ್ಲ ಎಂಬುದೇ ಅವರ ಮಾತಿನ ಸಾರ. ಅಂದಿನಿಂದ ನನ್ನ ಪುಸ್ತಕದಲ್ಲಿ ಸಮಯ ಬರೆಯುವಾಗ ನಿಮಿಷವನ್ನೂ ಬಿಡದೆ ಬರೆಯುವ ಅಭ್ಯಾಸ ನನಗಾಯಿತು.

ಪಾಕಿಸ್ತಾನದ ಕಡೆಯಿಂದ ಮುಂದೆ ಇನ್ನೊಂದು ವಿವರವೂ ಬಂತು. ದೇವಯ್ಯನವರ ದೇಹ ಅಲ್ಲಿಯ ಹಳ್ಳಿಯವರಿಗೆ ಸಿಕ್ಕಿತ್ತು, ಅವರು ಅದನ್ನು ತಮ್ಮ ಹೊಲದ ಬಳಿ ಮಣ್ಣು ಮಾಡಿದ್ದರು. ಯುದ್ಧದ ದಿನಗಳಲ್ಲಿ, ತಮ್ಮ ಊರಿನ ಮೇಲೆ ದಾಳಿಗೆ ಬಂದವನ ದೇಹವನ್ನು ಗುರುತುಪರಿಚಯವಿಲ್ಲದ ರೈತರು ಮಣ್ಣಿಗೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ.

ನಮ್ಮ ಊರಿಗೆ ಇದರ ಸಂಬಂಧ

ಬಿಜೈಯ ಶಾಲೆಯ ಸಂಚಿಕೆಯಲ್ಲಿ ಕೊಡಗಿನ ಚಾಲಕರ ಕಥೆ ಏಕೆಂದು ಕೆಲವರು ಕೇಳಬಹುದು. ನಮ್ಮ ಬಿಜೈ ಬಸ್ ನಿಲ್ದಾಣದಿಂದ ಮಡಿಕೇರಿ ಬಸ್ಸು ಹತ್ತಿದರೆ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಅವರ ಜಿಲ್ಲೆಗೆ ತಲುಪುತ್ತೇವೆ. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಅಷ್ಟು ಹತ್ತಿರದವರು ಅವರು.

ವಿಮಾನ ನಮ್ಮ ಊರಿಗೆ ದೂರದ ವಸ್ತುವೂ ಅಲ್ಲ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜ್ಪೆಯಲ್ಲಿ ಇಳಿದು ನಮ್ಮ ವಿಮಾನ ನಿಲ್ದಾಣ ಆರಂಭವಾಯಿತು. ವಿಮಾನಯಾನ ತರುವ ಸುಖದಂತೆ ಅದರ ದುಃಖವನ್ನೂ ನಾವು ಕಂಡಿದ್ದೇವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಂಚಿನಿಂದ ಕೆಳಗೆ ಉರುಳಿ 158 ಮಂದಿ ಪ್ರಾಣ ಕಳೆದುಕೊಂಡರು, ಬದುಕಿದವರು ಎಂಟೇ ಮಂದಿ. ಗುರುತು ಸಿಗದ ಕೆಲವು ದೇಹಗಳನ್ನು ಕೂಳೂರು ತಣ್ಣೀರುಬಾವಿಯ ಕಡೆ ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಆ ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಕಾದು ನಿಂತವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ನಮ್ಮವರಿಗೆ ಏನಾಯಿತು ಎಂದು. ಆ ದುರಂತದ ತನಿಖೆ ನಡೆಸಿದ ತಂಡದ ಮುಖ್ಯಸ್ಥರೂ ವಾಯುಪಡೆಯ ನಿವೃತ್ತ ಅಧಿಕಾರಿಯೇ, ಏರ್ ಮಾರ್ಷಲ್ ಗೋಖಲೆ. ನಿಮಿಷ ನಿಮಿಷದ ದಾಖಲೆಗಳನ್ನು ಜೋಡಿಸಿ ಏನಾಯಿತೆಂದು ಅವರು ದೇಶಕ್ಕೆ ತಿಳಿಸಿದರು. ವಿಮಾನಯಾನದ ಸುರಕ್ಷತೆ ನಿಂತಿರುವುದೇ ಈ ತಿಳಿಯುವ ಕೆಲಸದ ಮೇಲೆ. ಏನಾಯಿತೆಂದು ತಿಳಿದರೆ ಮುಂದಿನವರು ಉಳಿಯುತ್ತಾರೆ, ಹಿಂದೆ ಉಳಿದವರ ಮನಸ್ಸೂ ಸ್ವಲ್ಪ ನಿಲ್ಲುತ್ತದೆ.

ನಮ್ಮ ಬಿಜೈಯಲ್ಲೇ ನೆನಪನ್ನು ಕಾಯುವ ಒಂದು ಮನೆಯಿದೆ. ಹಡಗಿನ ಆಕಾರದ ಆ ಕಟ್ಟಡವನ್ನು ಸೈನ್ಯದಲ್ಲಿ ವೈದ್ಯರಾಗಿದ್ದ ಕರ್ನಲ್ ಮಿರಾಜಕರ್ ಅವರು ತಮ್ಮ ತಾಯಿ ಶ್ರೀಮಂತಿ ಬಾಯಿಯವರ ನೆನಪಿಗೆ ಸರಕಾರಕ್ಕೆ ಕೊಟ್ಟರು. 1960ರಿಂದ ಅದು ವಸ್ತುಸಂಗ್ರಹಾಲಯ. ಶಾಲೆಯ ದಿನಗಳಲ್ಲಿ ನಮ್ಮನ್ನು ಸಾಲಾಗಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮಿರಾಜಕರರು ತಾಯಿಯ ಹೆಸರನ್ನು ಕಟ್ಟಡಕ್ಕೇ ಇಟ್ಟುಹೋದರು. ದೇವಯ್ಯನವರಿಗೆ ಅಂಥ ಅವಕಾಶ ಇರಲಿಲ್ಲ. ಅವರ ಹೆಸರು ಉಳಿಯಲು ಎದುರಾಳಿಯ ದೇಶದ ದಾಖಲೆ, ಒಬ್ಬ ಪರದೇಶದ ಪತ್ರಕರ್ತ, ತನ್ನ ತಂಡದವರನ್ನು ಮರೆಯದ ಒಬ್ಬ ಮುಖ್ಯಸ್ಥ, ಸರಿಯಾಗಿ ಬರೆದಿಟ್ಟ ಹಾಜರಿ ಪುಸ್ತಕ ಇಷ್ಟೆಲ್ಲ ಕೂಡಿಬರಬೇಕಾಯಿತು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವರು ಇಂದಿಗೂ ಕಾಣೆಯಾದವರ ಪಟ್ಟಿಯಲ್ಲೇ ಇರುತ್ತಿದ್ದರು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಸಾವಿರಾರು ಮಕ್ಕಳು ಹೊರಗೆ ಹೋಗಿದ್ದಾರೆ. ರ‍್ಯಾಂಕು ಬಂದವರ, ಬಹುಮಾನ ಪಡೆದವರ ಹೆಸರು ಹಲಗೆಯ ಮೇಲಿದೆ, ಇರಬೇಕಾದ್ದೇ. ಆದರೆ ಯಾರೂ ನೋಡದ ಕಡೆ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡಿದವರು ಅದಕ್ಕಿಂತ ಹೆಚ್ಚು. ಊರ ಪಂಚಾಯತಿನಲ್ಲಿ, ಗಲ್ಫಿನ ಕಾರ್ಖಾನೆಯಲ್ಲಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳಲ್ಲಿ ಅವರು ಇದ್ದಾರೆ. ಹಳೆ ವಿದ್ಯಾರ್ಥಿ ಸಂಘಕ್ಕೆ ನನ್ನದೊಂದು ಸಣ್ಣ ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಒಟ್ಟುಗೂಡಿಸಿ, ಹೋದವರೆಲ್ಲ ಎಲ್ಲಿಗೆ ಹೋದರು, ಏನಾದರು ಎಂದು ವಿಚಾರಿಸಿ ಬರೆದಿಡುವ ಕೆಲಸ ಕೈಗೊಳ್ಳಬೇಕು. ಗೋಡೆಯ ಮೇಲೆ ನಾಯಕರ ಚಿತ್ರಗಳ ನಡುವೆ ದೇವಯ್ಯನವರ ಚಿತ್ರಕ್ಕೂ ಒಂದು ಜಾಗ ಇರಲಿ. ಬೆಂಚಿನ ಮೇಲೆ ಕಾಯುತ್ತ ಕುಳಿತ ಮಗುವೊಂದು ತಲೆಯೆತ್ತಿ ನೋಡಿ, ಇವರು ಯಾರೆಂದು ಕೇಳಿದಾಗ ಹೇಳಲು ನಮ್ಮಲ್ಲಿ ಈಗ ಪೂರ್ತಿ ಉತ್ತರವಿದೆ.